ತೇಲಿದ ಹಂಡೆ, ಮುಳುಗಿದ ಹಂಡೆ

ಎಲ್ಲ ತಾಪತ್ರಯಕ್ಕೂ ಮೂಲ ಒಂದೇ ಒಂದು ವಾಕ್ಯ. ಅದೂ ಇನ್ನೂ ಅಚ್ಚಾಗದೆ ಇದ್ದ ವಾಕ್ಯ.

ಮನೆಮನೆಗೆ ನಲ್ಲಿ ಬರುವುದಕ್ಕಿಂತ ಮುಂಚಿನ ಮಾತು ಇದು. ವಠಾರಕ್ಕೆಲ್ಲ ಒಂದೇ ಬಾವಿ. ಬೆಳಕು ಹರಿಯುವ ಮೊದಲೇ ರಾಟೆ ಕಿರುಗುಟ್ಟಲು ಶುರುವಾದರೆ ಕತ್ತಲಾಗುವ ತನಕ ಅದಕ್ಕೆ ಬಿಡುವಿಲ್ಲ. ಭಗವಂತ ಕೊಟ್ಟ ನೀರು. ಇಡೀ ದಿನ ಸೇದಿದರೂ ಬೆಳಗಾಗುವಷ್ಟರಲ್ಲಿ ಮತ್ತೆ ಅಷ್ಟೇ ನಿಂತಿರುತ್ತಿತ್ತು. ಜಗಳ ಹುಟ್ಟುತ್ತಿದ್ದುದೂ ಬಾವಿಕಟ್ಟೆಯ ಮೇಲೆಯೇ, ರಾಜಿಯಾಗುತ್ತಿದ್ದುದೂ ಅಲ್ಲಿಯೇ. ಯಾರ ಮನೆಯಲ್ಲಿ ಹಾಲು ಉಕ್ಕಿತು, ಯಾರ ಮನೆಯಲ್ಲಿ ಮಾತು ಉಕ್ಕಿತು ಎಂಬುದು ಒಳಗಿದ್ದವರಿಗಿಂತ ಮೊದಲು ಬಾವಿಕಟ್ಟೆಗೆ ಗೊತ್ತಾಗುತ್ತಿತ್ತು.

ಆ ವಠಾರದ ಮುಂದಿನ ಸಾಲಿನಲ್ಲಿ, ಒಂದು ಕೋಣೆ ಒಂದು ಅಡುಗೆಮನೆಯ ಬಿಡಾರದಲ್ಲಿ ಕರಡಪ್ಪ ಇದ್ದ. ತಾಯಿತಂದೆ ಇಟ್ಟ ಹೆಸರು ಬೇರೆ. ಪೇಟೆಯ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸದವನಾದ್ದರಿಂದ ಊರು ಇಟ್ಟ ಹೆಸರು ಕರಡಪ್ಪ. ಹಗಲೆಲ್ಲ ಬಗ್ಗಿ ಕೂತು ತಪ್ಪು ಹುಡುಕಿ ಹುಡುಕಿ ಅವನ ಬೆನ್ನು ಅಲ್ಪವಿರಾಮದ ಹಾಗೆ ಬಾಗಿತ್ತು. ಅಕ್ಷರದ ತಪ್ಪನ್ನು ತಿದ್ದಿದರೆ ಸಾಲದು, ಅರ್ಥವೂ ಸರಿಯಾಗಿರಬೇಕು ಎಂಬುದು ಅವನ ಹಟ. ವ್ಯಾಯಾಮದ ಪುಸ್ತಕ ತಿದ್ದುವಾಗ ‘ಒಂಟಿಕಾಲಿನಲ್ಲಿ ನಿಂತು ಕಣ್ಣು ಮುಚ್ಚಿರಿ’ ಎಂಬ ಸಾಲನ್ನು ತಾನೇ ಮಾಡಿ ನೋಡಿ, ಮಸಿಯ ಡಬ್ಬದ ಮೇಲೆ ಬಿದ್ದಿದ್ದ. ವಾರಗಟ್ಟಲೆ ಅವನ ಮೊಣಕೈ ಕಪ್ಪಾಗಿಯೇ ಇತ್ತು.

ಈ ಸಲ ಮನೆಗೆ ತಂದಿದ್ದುದು ಮಕ್ಕಳ ವಿಜ್ಞಾನದ ಪಾಠ. ಅದರಲ್ಲಿ ಹೀಗಿತ್ತು: ‘ಲೋಹದ ಹಂಡೆಯೊಂದನ್ನು ಬಾಯಿ ಮೇಲಾಗಿ ನೀರಿನಲ್ಲಿಟ್ಟರೆ, ಅದು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಿ ತೇಲುತ್ತದೆ.’

ಕರಡಪ್ಪ ಕೆಂಪು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಯೋಚಿಸಿದ. ಎತ್ತಿದರೆ ಸೊಂಟ ಹಿಡಿಯುವಂಥ ಹಂಡೆ ತೇಲುತ್ತದೆಯೇ? ಪಾಪ, ಎಷ್ಟು ಮಕ್ಕಳು ಇದನ್ನು ನಂಬಿಕೊಂಡು ದೊಡ್ಡವರಾಗುತ್ತಾರೋ.

ಮನೆಯಲ್ಲಿ ಅಂದು ಹಂಡೆಯೂ ಇತ್ತು. ಅದೇ ಎಡವಟ್ಟಾಯಿತು.

ಹಂಡೆ ಅವನದಲ್ಲ, ವಠಾರದ ಮನೆಯೊಡತಿಯದು. ಕರಡಪ್ಪನ ಮಗಳು ಮರುದಿನ ಬೆಳಿಗ್ಗೆ ಹಸುಗೂಸಿನೊಂದಿಗೆ ಬರುವವಳಿದ್ದಳು. ಕೂಸಿನ ಸ್ನಾನಕ್ಕೆ ನೀರು ಕಾಯಿಸಬೇಕು. ಅದಕ್ಕಿಂತ ಹೆಚ್ಚಾಗಿ ಮಲಗಲು ಜಾಗ ಬೇಕು. ಹೊಗೆ ತುಂಬಿದ ಈ ಗೂಡಿನಲ್ಲಿ ಬಾಣಂತಿಯನ್ನು ಎಲ್ಲಿ ಮಲಗಿಸುವುದು? ವಠಾರದ ಹಿಂದುಗಡೆ ಮೂಡಲಿಗೆ ಕಿಟಕಿ ಇದ್ದ ಕೋಣೆಯೊಂದು ಬೀಗ ಹಾಕಿಕೊಂಡು ಸುಮ್ಮನೆ ಬಿದ್ದಿತ್ತು. ಕರಡಪ್ಪನ ಹೆಂಡತಿ ತಿಂಗಳಿಂದ ಮನೆಯೊಡತಿಯ ಹಿಂದೆ ಬಿದ್ದು, ಕೇಳಿ, ಕಾಡಿ, ಕೊನೆಗೆ ಅರ್ಧ ಮಾತು ಪಡೆದಿದ್ದಳು.

“ಬಾಡಿಗೆಯೋರನ್ನ ನಂಬೋಕಾಗಲ್ಲ ತಾಯಿ,” ಎಂದಿದ್ದಳು ಮನೆಯೊಡತಿ. “ಮೊದಲು ಈ ಹಂಡೆ ಒಯ್ದು ಇಟ್ಕೋ. ನಾನು ತಂಗಿ ಮನೆಗೆ ಹೋಗಿ ನಾಳೆ ಸಂಜೆ ಬರ್ತೀನಿ. ಹಂಡೆ ಹೇಗೆ ಕೊಟ್ಟಿದೀನೋ ಹಾಗೇ ಇದ್ರೆ, ಕೋಣೆ ಬೀಗದಕೈ ಕೊಡ್ತೀನಿ.”

ಆ ‘ನಾಳೆ’ ಇಂದಾಗಿತ್ತು. ಕರಡಪ್ಪನ ಹೆಂಡತಿ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಮುಖ ಕಾಣುವಂತೆ ಬೆಳಗಿ ಮೂಲೆಯಲ್ಲಿಟ್ಟು, ಅಂಗಡಿಗೆ ಹೋದಳು. ಬಾಗಿಲು ದಾಟುವಾಗ “ರೀ, ಹಂಡೆ ಮುಟ್ಟಬೇಡಿ” ಎಂದು ಹೇಳಿಯೇ ಹೋಗಿದ್ದಳು.

ಹಂಡೆ ಹಿಡಿಸುವಷ್ಟು ದೊಡ್ಡ ತೊಟ್ಟಿ ವಠಾರದಲ್ಲಿ ಇರಲಿಲ್ಲ. ಇದ್ದುದು ಬಾವಿ.

ಕರಡಪ್ಪ ಹುಚ್ಚನಲ್ಲ. ಹಂಡೆಯ ಹಿಡಿಕೆಗಳೊಳಗೆ ಹಗ್ಗ ತೂರಿಸಿ, ಎರಡೂ ತುದಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮೆಲ್ಲಗೆ ಇಳಿಬಿಟ್ಟ. ಹಂಡೆ ನೀರು ಮುಟ್ಟಿತು, ಸ್ವಲ್ಪ ಇಳಿಯಿತು, ನಿಂತಿತು. ಹಗ್ಗ ಸಡಿಲವಾಯಿತು. ತೊಟ್ಟಿಲಿನಲ್ಲಿರುವ ಕೂಸಿನ ಹಾಗೆ ಹಂಡೆ ಅತ್ತಿತ್ತ ತೂಗುತ್ತ ತೇಲಿತು.

“ಅಯ್ಯೋ ದೇವರೇ, ನಿಜ!” ಎಂದ ಕರಡಪ್ಪ.

“ಏನಯ್ಯಾ ನಿಜ?” ಎಂದು ಹಿಂದಿನಿಂದ ಕೇಳಿದವರು ಕಾಂಪೌಂಡರ್ ತಾತ. ಕೆಲಸದಲ್ಲಿದ್ದಷ್ಟು ಕಾಲವೂ ಯಾವ ಕಾಯಿಲೆಗಾದರೂ ಒಂದೇ ಕೆಂಪು ಔಷಧಿ ಕೊಟ್ಟು, ಯಾವ ಪ್ರಶ್ನೆಗಾದರೂ ಒಂದೇ ದನಿಯಲ್ಲಿ ಉತ್ತರ ಹೇಳಿದ ಹಿರಿಯರು.

“ಹಂಡೆ ತೇಲ್ತಾ ಇದೆ ತಾತ.”

ತಾತ ಬಗ್ಗಿ ನೋಡಿದರು. “ತೇಲ್ತಿಲ್ಲ. ನೀನು ಹಗ್ಗ ಹಿಡ್ಕೊಂಡಿದೀಯಲ್ಲ, ಅದಕ್ಕೇ ನಿಂತಿದೆ.”

“ಹಗ್ಗ ಸಡಿಲ ಇದೆ ನೋಡಿ. ಹಡಗು ತೇಲಲ್ವಾ?”

“ಹಡಗು ನೋಡಿದೀಯಾ ನೀನು?”

“ಇಲ್ಲ.”

“ನಾನೂ ನೋಡಿಲ್ಲ. ನೋಡದೇ ಇರೋರಿಬ್ರು ಅದರ ವಿಷಯ ಮಾತಾಡಿ ಏನು ಬಂತು? ಹಗ್ಗ ತೆಗಿ, ಒಪ್ಕೋತೀನಿ.”

ಅಚ್ಚುಕೂಟದಲ್ಲಾಗಿದ್ದರೆ ಕರಡಪ್ಪ ಈ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲ. ಆದರೆ ತಾತ ಹೇಳಿದ್ದರಲ್ಲೂ ನ್ಯಾಯವಿತ್ತು. ಹಗ್ಗದಲ್ಲಿ ತೇಲಿದ್ದು ತೇಲಿದ್ದಲ್ಲ. ಅವನು ಹಗ್ಗದ ಒಂದು ತುದಿ ಬಿಟ್ಟು ಇನ್ನೊಂದನ್ನು ಎಳೆದುಕೊಂಡ. ಹಗ್ಗ ಹಿಡಿಕೆಯಿಂದ ಜಾರಿ ಮೇಲೆ ಬಂತು. ಹಂಡೆ ಒಂಟಿಯಾಗಿ ತೇಲಿತು. ಮತ್ತೆ ಅದನ್ನು ಮೇಲೆತ್ತುವುದು ಹೇಗೆ ಎಂಬ ಪುಟ ಇನ್ನೂ ಕರಡಿಗೆ ಬಂದಿರಲಿಲ್ಲ.

“ಭಲೆ!” ಎಂದರು ತಾತ. “ನೀರು ಸರ್ಕೊಂಡು ಜಾಗ ಕೊಟ್ಬಿಡ್ತಲ್ಲಯ್ಯಾ!”

ಅಷ್ಟರಲ್ಲಿ ಬಾವಿಯ ಆಚೆ ಬದಿಯಿಂದ ದರ್ಜಿ ಬಂದ. ಬಾಯಲ್ಲಿ ಗುಂಡುಸೂಜಿ, ಕೊರಳಲ್ಲಿ ಅಳತೆಪಟ್ಟಿ, ತಲೆಯಲ್ಲಿ ಯಾರದೋ ಅಂಗಿಯ ತೋಳಿನ ಚಿಂತೆ. ಬಾವಿಯೊಳಗೆ ಇಣುಕಿ ನೋಡಿ ಕೊಡ ಬಿಡುವ ಅಭ್ಯಾಸ ಯಾರಿಗಿದೆ? ಅವನು ರಾಟೆಯ ಹಗ್ಗ ಸಡಿಲಿಸಿ ಕೊಡವನ್ನು ಬಿಟ್ಟ. ಅದು ಗಿರಗಿರನೆ ಇಳಿದು, ಹದ್ದು ಕೋಳಿಮರಿಯ ಮೇಲೆ ಎರಗಿದ ಹಾಗೆ, ಹಂಡೆಯ ಅಂಚಿಗೇ ಬಡಿಯಿತು. ಹಂಡೆ ಓರೆಯಾಯಿತು. ಗುಳುಗುಳು ಎಂದು ನೀರು ಕುಡಿಯಿತು. ಕೊನೆಗೊಮ್ಮೆ ದೊಡ್ಡದಾಗಿ ತೇಗಿ ಒಳಗೆ ಹೋಯಿತು. ಮೇಲೆ ಗುಳ್ಳೆ ಮಾತ್ರ ಉಳಿದವು.

“ಏನೋ ಸದ್ದಾಯ್ತಲ್ಲ?” ಎಂದ ದರ್ಜಿ, ಗುಂಡುಸೂಜಿಯ ಸಂದಿನಿಂದ.

ಕರಡಪ್ಪ ಕೈಯಲ್ಲುಳಿದ ಹಗ್ಗವನ್ನು ನೋಡುತ್ತಿದ್ದ. ತಾತನೇ ಹೇಳಿದರು: “ಇವನ ಮಗಳ ಕೋಣೆ ಮುಳುಗ್ತಪ್ಪ.”

ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಅಂಗಡಿಯಿಂದ ಬಂದ ಹೆಂಡತಿ ಖಾಲಿ ಮೂಲೆಯನ್ನು ನೋಡಿದಳು, ಬಾವಿಕಟ್ಟೆಯ ಜನರನ್ನು ನೋಡಿದಳು, ಗಂಡನ ಕಿವಿಯ ಮೇಲಿದ್ದ ಕೆಂಪು ಪೆನ್ಸಿಲನ್ನು ನೋಡಿದಳು.

“ಪುಸ್ತಕದಲ್ಲಿತ್ತಾ?” ಎಂದಳು.

“ಹೌದು, ಆದರೆ, ಅದು ತೇಲಿತು ಕಣೇ, ನಿಜವಾಗ್ಲೂ ತೇಲಿತು, ತಾತ ಸಾಕ್ಷಿ...”

“ನಾಳೆ ಕೂಸನ್ನ ಪುಸ್ತಕದ ಮೇಲೆ ಮಲಗಿಸಿ” ಎಂದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೇ ವಾಸಿ ಎನ್ನಿಸಿತು ಕರಡಪ್ಪನಿಗೆ.

ತಾತ ತಮ್ಮ ಅಟ್ಟದಿಂದ ಪಾತಾಳಗರಡಿ ತಂದರು. ಈಗಿನವರಿಗೆ ಅದು ಗೊತ್ತಿರಲಾರದು: ಬಾವಿಗೆ ಬಿದ್ದ ಕೊಡ, ಬಿಂದಿಗೆಗಳನ್ನು ಹುಡುಕಿ ಎತ್ತಲು ಮಾಡಿದ, ಮೈತುಂಬ ಕೊಕ್ಕೆಗಳಿರುವ ಕಬ್ಬಿಣದ ಗೊಂಚಲು. ಹಗ್ಗ ಕಟ್ಟಿ ಇಳಿಬಿಟ್ಟು ಜಾಲಾಡಿಸಿದರೆ ಯಾವುದಾದರೊಂದು ಕೊಕ್ಕೆಗೆ ಏನಾದರೂ ಸಿಕ್ಕೀತು. ಆ ಕಾಲದಲ್ಲಿ ಪಾತಾಳಗರಡಿ ಇದ್ದ ಮನೆಯವರಿಗೆ ಬೀದಿಯಲ್ಲಿ ಒಂದು ಗತ್ತು. ತಾತ ಆ ಗತ್ತಿನಲ್ಲೇ ಇಳಿಬಿಟ್ಟರು. ಮೊದಲು ಯಾರದೋ ಚಪ್ಪಲಿ ಬಂತು. ಆಮೇಲೆ ಹಿಡಿ ಮುರಿದ ಸೌಟು.

“ಅಯ್ಯೋ, ನಮ್ಮ ಸೌಟು!” ಎಂದು ದರ್ಜಿಯ ಹೆಂಡತಿ ಅದನ್ನು ಒಡಹುಟ್ಟಿದವಳನ್ನು ಕಂಡಂತೆ ಎದೆಗೊತ್ತಿಕೊಂಡಳು.

ಮೂರನೆಯ ಸಲ ಕೊಕ್ಕೆ ಏನನ್ನೋ ಭದ್ರವಾಗಿ ಹಿಡಿಯಿತು. “ಸಿಕ್ತು! ಎಳೀರೋ!” ಎಂದರು ತಾತ. ಎಲ್ಲರೂ ಎಳೆದರು. ಹಗ್ಗವೂ ಅಟ್ಟದಲ್ಲಿ ತಾತನಷ್ಟೇ ಮುಪ್ಪಾಗಿತ್ತು. ಫಟ್ಟೆಂದಿತು. ಎಳೆದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಪಾತಾಳಗರಡಿ ಹಂಡೆಗೆ ಜೊತೆಯಾಗಲು ಹೋಯಿತು.

“ಇನ್ನು ಪಾತಾಳಗರಡಿ ಎತ್ತೋಕೆ ಯಾವ ಗರಡಿ ತರೋದು?” ಎಂದು ದರ್ಜಿ ನಕ್ಕ. ತಾತ ಅವನತ್ತ ನೋಡಿದ ನೋಟದಲ್ಲಿ ಕೆಂಪು ಔಷಧಿಯ ಕಹಿಯೆಲ್ಲ ಇತ್ತು.

ಬಿಸಿಲು ನೆತ್ತಿ ದಾಟಿತು. ಕರಡಪ್ಪ ಊಟಕ್ಕೂ ಏಳದೆ ಬಾವಿಕಟ್ಟೆಯ ಮೇಲೆ ಕರಡು ಹಿಡಿದು ಕೂತ. ಮುಂದಿನ ಪುಟದಲ್ಲಿ ಬರೆದಿತ್ತು: ‘ಮುಳುಗಿದ ವಸ್ತು ಎಷ್ಟು ನೀರನ್ನು ಸರಿಸುತ್ತದೋ ಅಷ್ಟು ನೀರಿನ ತೂಕದ ಬಲದಿಂದ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ.’ ಅವನು ಅದನ್ನು ಮಂತ್ರದ ಹಾಗೆ ಮತ್ತೆ ಮತ್ತೆ ಓದಿದ. ಹಾಗಾದರೆ ಹೆಚ್ಚು ನೀರನ್ನು ಸರಿಸಬಲ್ಲ, ತೂಕವಿಲ್ಲದ ಏನಾದರೊಂದನ್ನು ಹಂಡೆಗೆ ಕಟ್ಟಿಬಿಟ್ಟರೆ? ನೀರೇ ಹಂಡೆಯನ್ನು ಎತ್ತಿ ಕೊಡಬೇಕಲ್ಲ! ತೂಕವಿಲ್ಲದ್ದು ಎಂದರೆ ಗಾಳಿ. ಗಾಳಿ ತುಂಬಿಡುವಂಥದ್ದು ಎಂದರೆ...

ಅವನು ಎದ್ದು ಬೀದಿ ತಿರುವಿನ ಸೈಕಲ್ ಅಂಗಡಿಗೆ ಓಡಿದ.

ಸೈಕಲ್ ಅಂಗಡಿಯವನು ಒಳ್ಳೆಯ ಈಜುಗಾರ. ಅಂಗಡಿಯಲ್ಲಿ ಕೂತು ಬೇಸತ್ತಿದ್ದ. ಲಾರಿಯ ಹಳೆಯ ಟ್ಯೂಬು, ಉದ್ದನೆಯ ರಬ್ಬರ್ ನಳಿಕೆ, ಕಾಲಿನಿಂದ ಒತ್ತುವ ಪಂಪು ಎಲ್ಲ ಹೊತ್ತುಕೊಂಡು ಕುಣಿಯುತ್ತ ಬಂದ.

“ಕೆಳಗೆ ಕೆಸರು, ಕಣ್ಣು ಕಾಣಲ್ಲ. ಕೈಗೆ ಹಂಡೆ ಸಿಕ್ಕಿದ ಕೂಡ್ಲೇ ಹಿಡಿಕೆಗೆ ಈ ಟ್ಯೂಬು ಕಟ್ಟಿ ಬರ್ತೀನಿ. ನೀವು ಗಾಳಿ ಹೊಡೀರಿ” ಎಂದು ದೇವರನ್ನು ನೆನೆದು ಹಾರಿದ.

ಅವನು ಒಳಗೆ ಹೋದ ಮೇಲೆ ವಠಾರವೆಲ್ಲ ಉಸಿರು ಹಿಡಿದು ನಿಂತಿತು. ಒಳಗಿದ್ದವನಿಗಿಂತ ಹೊರಗಿದ್ದವರ ಮುಖವೇ ಮೊದಲು ಕೆಂಪಾಯಿತು. ಎರಡು ಸಲ ಬರಿಗೈಯಲ್ಲಿ ಬಂದು, ಮತ್ತೆ ಮುಳುಗಿ, ಕೊನೆಗೆ ತಲೆ ಎತ್ತಿದ. “ಕಟ್ಟಿದೀನಿ! ಗಂಟಲವರೆಗೂ ಕೆಸರಲ್ಲಿ ಹೂತಿತ್ತು ನಿಮ್ಮ ಹಂಡೆ!”

ಬೆಳಿಗ್ಗೆ ಮುಳುಗಿದ ಹಂಡೆ ಮಧ್ಯಾಹ್ನದೊಳಗೆ ಗಂಟಲವರೆಗೆ ಹೂತುಕೊಂಡದ್ದು ಹೇಗೆ ಎಂದು ಯಾರಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ದರ್ಜಿ ಪಂಪಿನ ಮೇಲೆ ಹತ್ತಿದ್ದ. ಹೊಲಿಗೆ ಯಂತ್ರ ತುಳಿದು ಪಳಗಿದ ಕಾಲು ಅದು. ಲಟಪಟ ಲಟಪಟ ತುಳಿದೇ ತುಳಿಯಿತು. ನೀರೊಳಗೆ ಟ್ಯೂಬು ಉಬ್ಬಿತು. ಮೊದಲು ಏನೂ ಆಗಲಿಲ್ಲ. ಆಮೇಲೆ ಬಾವಿಯ ತಳದಿಂದ ಕೆಸರು ಮೋಡದ ಹಾಗೆ ಎದ್ದಿತು. ಇದ್ದಕ್ಕಿದ್ದಂತೆ ನೀರು ಸೀಳಿಕೊಂಡು ಟ್ಯೂಬು ಮೇಲೆ ನೆಗೆಯಿತು. ಅದರ ಕೆಳಗೆ ತೂಗಾಡುತ್ತ ಕೆಸರು ಮೆತ್ತಿದ ಹಂಡೆ!

“ತಳ್ತು! ನೀರು ತಳ್ತು!” ಎಂದು ಕರಡಪ್ಪ ಕೂಗಿದ ಕೂಗಿಗೆ ಅವನ ಹೆಂಡತಿ ಒಳಗಿನಿಂದ ಓಡಿ ಬಂದಳು. ಆ ಗಳಿಗೆಯಲ್ಲಿ ಅವನ ಬೆನ್ನು ನೆಟ್ಟಗಾಗಿತ್ತು ಎಂದು ಕಂಡವರು ಬಹಳ ದಿನ ಹೇಳುತ್ತಿದ್ದರು.

ಹಂಡೆಯನ್ನು ಎಳೆದು ಕಟ್ಟೆಯ ಮೇಲಿಟ್ಟರು. ಕರಡಪ್ಪನ ಹೆಂಡತಿ ಬಟ್ಟೆಯಿಂದ ಒರೆಸಿದಳು. ಒರೆಸಿದ ಕಡೆಯೆಲ್ಲ ಹಸಿರು ಕಿಲುಬು. ಇನ್ನಷ್ಟು ಒರೆಸಿದಳು. ಹೊಟ್ಟೆಯ ಮೇಲೆ ಅಂಗೈಯಗಲದ ಒಂದು ತಗ್ಗು ಕಂಡಿತು.

“ರೀ,” ಎಂದಳು ಮೆಲ್ಲಗೆ, “ಇದು ನಮ್ಮ ಹಂಡೆ ಅಲ್ಲ.”

ಸದ್ದು ಕೇಳಿ ಹೊರಬಂದ ಮನೆಯೊಡತಿಯ ಗಂಡ, ಎಲ್ಲರೂ ಉಪಚಾರಕ್ಕೆ ಯಜಮಾನರು ಎನ್ನುತ್ತಿದ್ದ ಸಾಧುಮನುಷ್ಯ, ಆ ತಗ್ಗನ್ನು ನೋಡಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು.

“ಯಾಕೆ ಯಜಮಾನ್ರೇ?”

“ಇದನ್ನ ಯಾಕಪ್ಪಾ ಎತ್ತಿದ್ರಿ?” ಎಂದರು. “ಎಷ್ಟೋ ವರ್ಷದ ಹಿಂದೆ ತೊಳೆಯೋಕೆ ತಂದಿದ್ದೆ. ಕೈ ಜಾರಿ ಬಿತ್ತು. ಅವಳ ತವರಿಂದ ಬಂದ ಹಂಡೆ. ನಾನು ಬೀಳಿಸಿದೆ ಅಂತ ಹೇಳೋಕೆ ಧೈರ್ಯ ಬರಲಿಲ್ಲ. ಆ ಹಿಂದಿನ ಕೋಣೇಲಿ ಗಡಿಯಾರ ರಿಪೇರಿಯವನು ಇದ್ನಲ್ಲ, ಅವನೇ ಕದ್ದಿರಬೇಕು ಅಂತ ಅವಳೇ ಅಂದಳು. ನಾನು ಸುಮ್ಮನಿದ್ದೆ, ಅಷ್ಟೇ. ಅವಳು ಅವನನ್ನ ಹೊರಗೆ ಹಾಕಿದಳು. ಆವತ್ತಿಂದ ಆ ಕೋಣೆಗೆ ಬೀಗ.”

ಗಡಿಯಾರದವನನ್ನು ಎಲ್ಲರೂ ಬಲ್ಲರು. ವಠಾರದ ಎಲ್ಲ ಮನೆಗಳ ಗಡಿಯಾರವನ್ನೂ ಪುಕ್ಕಟೆಯಾಗಿ ಸರಿಮಾಡುತ್ತಿದ್ದ ಒಂಟಿ ಜೀವ. ಅವನು ಹೋದ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಹೊತ್ತಾಗಿತ್ತು.

ಯಜಮಾನರು ಕರಡಪ್ಪನ ಕೈ ಹಿಡಿದುಕೊಂಡರು. “ಅವಳು ಬರೋ ಹೊತ್ತಾಯ್ತು. ಇದನ್ನ ವಾಪಸ್ ಮುಳುಗಿಸಿಬಿಡು. ನೀನು ಕಳೆದ ಹಂಡೆಗೆ ನಾನು ಏನಾದ್ರೂ ನೆಪ ಹೇಳ್ತೀನಿ. ಬೀಗದಕೈ ನಾನೇ ಕೊಡಿಸ್ತೀನಿ. ನಿನ್ನ ಮಗಳು, ಕೂಸು ನಾಳೆ ಆ ಕೋಣೇಲೇ ಇರ್ತಾರೆ. ನನ್ನಾಣೆ.”

ಕರಡಪ್ಪ ಹೆಂಡತಿಯ ಮುಖ ನೋಡಿದ. ಅವಳು ಹಂಡೆಯ ತಗ್ಗನ್ನು ನೋಡುತ್ತಿದ್ದಳು. “ಪಾಪ, ಆ ಗಡಿಯಾರದೋನು” ಎಂದಳು. ಆಮೇಲೆ, “ಆ ಕೋಣೇಲಿ ಬೆಳಗಿನ ಬಿಸಿಲು ಚೆನ್ನಾಗಿ ಬೀಳತ್ತೆ” ಎಂದಳು. ಎರಡೂ ಮಾತು ನಿಜವಾದದ್ದರಿಂದ ಅವನಿಗೆ ಯಾವುದನ್ನು ಹಿಡಿಯಬೇಕೋ ತಿಳಿಯಲಿಲ್ಲ. ಕೊನೆಗೆ ಕೂಸಿನ ಮುಖ ನೆನೆಸಿಕೊಂಡ. ಇನ್ನೂ ನೋಡಿರದ ಮುಖ. ಹಗ್ಗ ಕೈಗೆತ್ತಿಕೊಂಡ.

“ಸದ್ದಾಗದ ಹಾಗೆ, ಮೆಲ್ಲಗೆ” ಎಂದರು ಯಜಮಾನರು. “ಬೀದಿ ಕೊನೆಗೆ ಬಂದಿರ್ತಾಳೆ.”

ಮೆಲ್ಲಗೆ ಇಳಿಬಿಟ್ಟರು. ಹಗ್ಗ ಬಿಡಿಸಿಕೊಂಡರು. ಹಂಡೆ ನೀರು ಮುಟ್ಟಿತು, ಸ್ವಲ್ಪ ಇಳಿಯಿತು, ನಿಂತಿತು. ತೇಲಿತು.

“ಮುಳುಗ್ತಿಲ್ಲವಲ್ಲೋ!” ಎಂದರು ಯಜಮಾನರು.

“ಕಲ್ಲು ಹಾಕಿ” ಎಂದ ಸೈಕಲ್ ಅಂಗಡಿಯವನು.

ಒಂದು ಕಲ್ಲನ್ನು ಹಗ್ಗಕ್ಕೆ ಕಟ್ಟಿ ಹಂಡೆಯೊಳಗೆ ಇಳಿಸಿದರು. ಹಂಡೆ ನಾಲ್ಕು ಬೆರಳು ಕೆಳಗಿಳಿಯಿತು. ಆದರೆ ಅಲ್ಲಿಯವರೆಗೆ ಕುಡಿದವನ ಹಾಗೆ ತೂಗಾಡುತ್ತಿದ್ದುದು, ತಳದಲ್ಲಿ ಭಾರ ಬಿದ್ದ ಕೂಡಲೇ ಅಲುಗದೆ ನಿಂತುಬಿಟ್ಟಿತು. ಇನ್ನೊಂದು ಕಲ್ಲು ಹಾಕಿದರು. ಊರ ಹಿರಿಯರು ಪಂಚಾಯಿತಿಗೆ ಕೂತಷ್ಟು ಗಂಭೀರವಾಗಿ ಕೂತಿತು.

“ಪಾಠದಲ್ಲಿ ಇದೂ ಇದೆ,” ಎಂದ ಕರಡಪ್ಪ ಅಳುವ ದನಿಯಲ್ಲಿ, “ತಳಭಾರ ಇದ್ರೆ, ಇನ್ನೂ ಭದ್ರವಾಗಿ, ತೇಲತ್ತೆ ಅಂತ...”

“ಇನ್ನೊಂದು ಸಲ ಪಾಠ ಅಂದ್ರೆ ನಿನ್ನನ್ನೇ ತಳಭಾರ ಮಾಡ್ತೀನಿ!” ಎಂದರು ತಾತ. “ಲೋ ದರ್ಜಿ, ಬೆಳಿಗ್ಗೆ ಬಿಟ್ಟ ಹಾಗೆ ಕೊಡ ಬಿಡೋ!”

ದರ್ಜಿ ಕೊಡ ಬಿಟ್ಟ. ಬಲಗಡೆ ಬಿತ್ತು. ಮತ್ತೆ ಬಿಟ್ಟ. ಎಡಗಡೆ ಬಿತ್ತು. “ಬೆಳಿಗ್ಗೆ ನೋಡದೇ ಬಿಟ್ಟಿದ್ದೆ ತಾತ, ಅದಕ್ಕೇ ಬಿತ್ತು” ಎಂದು ಕಣ್ಣು ಮುಚ್ಚಿಕೊಂಡು ಬಿಟ್ಟ. ರಾಟೆಯಿಂದ ಹಗ್ಗ ಹಾರಿಹೋಯಿತು.

“ಏನು ನಡೀತಿದೆ ಇಲ್ಲಿ?”

ಮನೆಯೊಡತಿ ಬಂದು ನಿಂತಿದ್ದಳು. ಕೈಯಲ್ಲಿ ಚೀಲ, ಸೊಂಟದಲ್ಲಿ ಬೀಗದಕೈ ಗೊಂಚಲು. ಎಲ್ಲರೂ ಬಾವಿಗೆ ಬೆನ್ನು ಕೊಟ್ಟು ಅಡ್ಡ ನಿಂತರು. ಇಷ್ಟು ಜನ ಒಟ್ಟಿಗೆ ಏನನ್ನೂ ನೋಡದೆ ನಿಂತದ್ದೇ ಅವಳ ಅನುಮಾನಕ್ಕೆ ಸಾಕಾಯಿತು. ಅವರನ್ನು ಸರಿಸಿ ಬಗ್ಗಿ ನೋಡಿದಳು. ಇಳಿಬಿಸಿಲು ಓರೆಯಾಗಿ ಬಾವಿಯೊಳಗೆ ಬಿದ್ದಿತ್ತು. ನಟ್ಟನಡುವೆ, ತಗ್ಗಿದ್ದ ಹೊಟ್ಟೆಯನ್ನು ಅವಳ ಕಡೆಗೇ ತಿರುಗಿಸಿಕೊಂಡು, ಹಂಡೆ ತೇಲುತ್ತಿತ್ತು.

ಅವಳು ಚೀಲವನ್ನು ಕಟ್ಟೆಯ ಮೇಲಿಟ್ಟು ಇನ್ನಷ್ಟು ಬಗ್ಗಿದಳು.

“ನಮ್ಮಮ್ಮ ನೀರು ತರ್ತಾ ಮೆಟ್ಟಿಲ ಮೇಲೆ ಬಿದ್ದಾಗ ಆದ ತಗ್ಗು ಅದು” ಎಂದಳು. ಅಂಥ ದನಿ ಅವಳಿಗಿದೆ ಎಂದು ವಠಾರಕ್ಕೆ ಗೊತ್ತೇ ಇರಲಿಲ್ಲ. ಆಮೇಲೆ ಗಂಡನ ಕಡೆ ತಿರುಗಿದಳು. ಅವರು ತಲೆ ತಗ್ಗಿಸಿದರು. ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಅದಕ್ಕಿಂತ ಹೆಚ್ಚಿನ ಮಾತು ಬೇಕಾಗಲಿಲ್ಲ.

“ಯಾರು ಎತ್ತಿದ್ದು ಇದನ್ನ?”

ಎಲ್ಲ ಬೆರಳುಗಳೂ ಕರಡಪ್ಪನ ಕಡೆ ತಿರುಗಿದವು.

“ನಾನು ಕೊಟ್ಟ ಹಂಡೆ?”

“ಕೆಳಗಿದೆ, ಅಮ್ಮಾವ್ರೇ, ಅದು, ಪುಸ್ತಕದಲ್ಲಿ...”

“ಇರಲಿ ಬಿಡಿ. ಎತ್ತೋಕೆ ಬರತ್ತಲ್ಲ ನಿಮಗೆ, ನಾಳೆ ಎತ್ತಿ.” ಅವಳ ಕಣ್ಣು ತುಂಬಿತ್ತು. “ನೀವು ನನಗೆ ಎಂಥ ಉಪಕಾರ ಮಾಡಿದ್ರಿ ಅಂತ ನಿಮಗೆ ಗೊತ್ತಿಲ್ಲ. ಇಷ್ಟು ವರ್ಷ ಒಂದು ಪಾಪ ಕಟ್ಕೊಂಡು ತಿರುಗ್ತಿದ್ದೆ, ಅದು ಪಾಪ ಅಂತಾನೂ ತಿಳೀದೆ.”

ಅವಳು ಸೊಂಟದ ಗೊಂಚಲಿನಿಂದ ಒಂದು ಬೀಗದಕೈ ಬಿಡಿಸಿದಳು. ಹಿಂದಿನ ಕೋಣೆಯ ಬೀಗದಕೈ. ಕರಡಪ್ಪನ ಹೆಂಡತಿ ತನಗರಿವಿಲ್ಲದೆ ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದಳು. ಕರಡಪ್ಪ ಮನಸ್ಸಿನಲ್ಲೇ ನೀರಿಗೆ, ಗಾಳಿಗೆ, ಪಾಠ ಬರೆದವನಿಗೆ, ಇವನ್ನೆಲ್ಲ ಮಾಡಿಟ್ಟ ಭಗವಂತನಿಗೆ ಒಂದೊಂದಾಗಿ ಕೈಮುಗಿದ.

“ಇದು ಆ ಗಡಿಯಾರದೋನಿಗೆ ಸೇರಬೇಕಾದ್ದು” ಎಂದಳು ಮನೆಯೊಡತಿ, ಬೀಗದಕೈಯನ್ನು ಎದೆಗೊತ್ತಿ. “ಇರೋವರೆಗೂ ಅವನೇ ಇರಲಿ ಆ ಕೋಣೇಲಿ, ಬಾಡಿಗೆ ಬೇಡ. ಕರಡಪ್ಪನೋರೇ, ನೀವು ಅಕ್ಷರ ಬಲ್ಲೋರು. ಅವನು ಪೇಟೇಲೇ ಇದಾನೆ, ಕತ್ತಲಾಗೋದ್ರೊಳಗೆ ಅವನಿಗೊಂದು ಕಾಗದ ಬರೆದುಕೊಡಿ, ಇವತ್ತೇ ಕಳಿಸ್ತೀನಿ. ತಪ್ಪಾಯ್ತು, ನಾಳೆ ಬೆಳಿಗ್ಗೇನೇ ಬಂದು ಸೇರ್ಕೋ ಅಂತ ಬರೀರಿ.”

ಚಾಚಿದ ಕೈಯನ್ನು ಕರಡಪ್ಪನ ಹೆಂಡತಿ ಹಿಂದಕ್ಕೆ ತೆಗೆದುಕೊಂಡು ಕಣ್ಣೊರೆಸಿಕೊಂಡಳು. ಅದು ದುಃಖವೋ ಸಂತೋಷವೋ ಅವಳಿಗೇ ತಿಳಿಯಲಿಲ್ಲ. ಒಳಗೆ ಹೋಗಿ ಕಾಗದ ಮತ್ತು ಮಸಿ ತಂದು ಗಂಡನ ಮುಂದಿಟ್ಟಳು.

ಕರಡಪ್ಪ ಬಾವಿಕಟ್ಟೆಯ ಮೇಲೆ ಬಗ್ಗಿ ಕೂತು ಬರೆದ. ಬರೆದು ಮುಗಿಸಿ, ಕಿವಿಯಿಂದ ಕೆಂಪು ಪೆನ್ಸಿಲು ತೆಗೆದು, ಎಲ್ಲಾದರೂ ಒಂದು ತಪ್ಪು ಸಿಕ್ಕೀತೇ ಎಂದು ಮೊದಲಿನಿಂದ ಕೊನೆಯವರೆಗೆ ಓದಿದ. ಮತ್ತೊಮ್ಮೆ ಓದಿದ. ಆ ಕಾಗದದಲ್ಲಿ ತಿದ್ದುವಂಥದ್ದು ಒಂದೂ ಇರಲಿಲ್ಲ.